ಗ್ಲೋಬಲ್ ಫಾರೆಸ್ಟ್ ವಾಚ್: ಅಮೆಜಾನ್‌ಗೆ ಹೋಗುವ ಮುಂಚೆ ಮಾಲೂರಿನ ನೀಲಗಿರಿ ತೋಪು ನೋಡಿ

ಗ್ಲೋಬಲ್ ಫಾರೆಸ್ಟ್ ವಾಚ್ ಅಂದರೆ ಜಗತ್ತಿನಲ್ಲಿ ಎಲ್ಲಿ ಮರ ಇದೆ, ಎಲ್ಲಿ ಹೋಯಿತು ಎಂದು ಉಪಗ್ರಹದ ಕಣ್ಣಿನಲ್ಲಿ ತೋರಿಸುವ ಜಾಲತಾಣದ ನಕ್ಷೆ. ಅದಕ್ಕೆ ನನ್ನ ಅಂಕ ಮೊದಲೇ ಹೇಳಿಬಿಡೋಣ. ಅಮೆಜಾನ್, ಕಾಂಗೋ, ಬೋರ್ನಿಯೊ ಮಳೆಕಾಡುಗಳ ಮಟ್ಟಿಗೆ ಐದಕ್ಕೆ ನಾಲ್ಕೂವರೆ. ಪಶ್ಚಿಮ ಘಟ್ಟಕ್ಕೆ ಮೂರು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿಗೆ ಒಂದೂವರೆ, ಅದೂ ಸ್ವಲ್ಪ ಧಾರಾಳವಾಗಿಯೇ. ಒಂದೇ ಸೇವೆಗೆ ಮೂರು ಬಗೆಯ ಅಂಕ ಯಾಕೆ ಅಂದರೆ, ಈ ನಕ್ಷೆ ತೋರಿಸುವುದು ಕಾಡನ್ನಲ್ಲ, ಮರವನ್ನು. ಮರ ಇದ್ದಲ್ಲೆಲ್ಲ ಕಾಡೂ ಇರುವ ಸೀಮೆಯಲ್ಲಿ ಇದು ನಿಜಕ್ಕೆ ತೀರಾ ಹತ್ತಿರ. ಕಾಡು ಅಂದರೆ ಕುರುಚಲು, ಮರ ಅಂದರೆ ನೀಲಗಿರಿ ಆಗಿಹೋಗಿರುವ ನಮ್ಮ ಬಯಲುಸೀಮೆಯಲ್ಲಿ ದಾರಿ ತಪ್ಪಿಸುತ್ತದೆ. ತಮಾಷೆಯೆಂದರೆ, ಇದನ್ನು ಓದುವುದು ಕಲಿಯಲು ನಮ್ಮ ಸೀಮೆಗಿಂತ ಒಳ್ಳೆ ಜಾಗ ಇನ್ನೊಂದಿಲ್ಲ. ನಕ್ಷೆ ಎಲ್ಲಿ ಎಡವುತ್ತದೆ ಎಂಬುದನ್ನು ಬೈಕಿನಲ್ಲಿ ಹೋಗಿ ಕಣ್ಣಾರೆ ನೋಡಿ ಬರಬಹುದು. ಬ್ರೆಜಿಲ್‌ನ ಮಳೆಕಾಡಿನ ಸೀಮೆ ರೊಂಡೋನಿಯಾಕ್ಕೆ ಹಾಗೆ ಹೋಗಿ ಬರಲು ಆಗುವುದಿಲ್ಲವಲ್ಲ.

ಇದನ್ನು ನಡೆಸುವುದು ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆ. ಈಗಿನ ರೂಪದಲ್ಲಿ ಶುರುವಾದದ್ದು 2014ರ ಫೆಬ್ರವರಿಯಲ್ಲಿ. ದುಡ್ಡು ಕೊಡಬೇಕಿಲ್ಲ, ಬರೀ ನೋಡುವುದಕ್ಕೆ ಖಾತೆಯೂ ಬೇಡ. ಇದರ ಬೆನ್ನೆಲುಬು ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಹ್ಯಾನ್ಸೆನ್ ಮತ್ತು ಸಂಗಡಿಗರು 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಮರಹೊದಿಕೆಯ ಲೆಕ್ಕ. ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರವನ್ನು 30 ಮೀಟರಿಗೆ 30 ಮೀಟರ್ ಚೌಕಗಳಾಗಿ ನೋಡಿ, ಒಂದೊಂದು ಚೌಕದಲ್ಲೂ ಐದು ಮೀಟರಿಗಿಂತ ಎತ್ತರದ ಗಿಡಮರ ಎಷ್ಟು ಪಾಲು ನೆಲ ಮುಚ್ಚಿದೆ, ಅದು 2001ರಿಂದೀಚೆಗೆ ಯಾವ ವರ್ಷ ಪೂರ್ತಿ ಹೋಯಿತು ಎಂದು ಗುರುತು ಹಾಕಿದ್ದಾರೆ. ವರ್ಷಕ್ಕೊಮ್ಮೆ ಹೊಸ ವರ್ಷದ ಲೆಕ್ಕ ಸೇರುತ್ತದೆ.

ಆ ಚೌಕವನ್ನು ನಮ್ಮ ಅಳತೆಗೆ ತಂದುಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. 30×30 ಮೀಟರ್ ಅಂದರೆ 900 ಚದರ ಮೀಟರ್, ಅಂದರೆ 9 ಗುಂಟೆಗೆ ಚೂರು ಕಮ್ಮಿ. ಎರಡು ಎಕರೆ ತೋಪು ಇದ್ದರೆ ನಕ್ಷೆಯಲ್ಲಿ ಅದು ಹೆಚ್ಚೂಕಮ್ಮಿ ಒಂಬತ್ತು ಚೌಕ. ಬದುವಿನ ಮೇಲಿನ ಹೊಂಗೆ ಸಾಲು, ಹೊಲದ ನಡುವಿನ ಒಂಟಿ ಹುಣಸೆ ಇದರ ಕಣ್ಣಿಗೆ ಬೀಳುವುದಿಲ್ಲ. ಲೆಕ್ಕ ಕೊಡುವುದು ಹೆಕ್ಟೇರಿನಲ್ಲಿ. ಒಂದು ಹೆಕ್ಟೇರ್ ಅಂದರೆ 2 ಎಕರೆ 19 ಗುಂಟೆ ಎಂದು ಇಟ್ಟುಕೊಳ್ಳಿ. ಅಂಕಿಯ ಮುಂದೆ 'ಕೆಎಚ್‌ಎ' ಅಂತ ಕಂಡರೆ ಸಾವಿರ ಹೆಕ್ಟೇರ್, 'ಎಂಎಚ್‌ಎ' ಅಂದರೆ ಹತ್ತು ಲಕ್ಷ ಹೆಕ್ಟೇರ್. ಇವೆರಡನ್ನು ಅದಲುಬದಲು ಮಾಡಿಕೊಂಡರೆ ಅಂಕಿ ಸಾವಿರ ಪಟ್ಟು ತಪ್ಪುತ್ತದೆ.

ಭಾಷೆಯ ವಿಷಯದಲ್ಲಿ ನಿರಾಸೆ. ಇಂಗ್ಲಿಷ್, ಸ್ಪ್ಯಾನಿಶ್, ಪೋರ್ಚುಗೀಸ್, ಫ್ರೆಂಚ್, ಇಂಡೊನೇಷ್ಯಾದ ಭಾಷೆ ಎಲ್ಲ ಇವೆ. ಕನ್ನಡ ಇಲ್ಲ, ಹಿಂದಿಯೂ ಇಲ್ಲ. ಬ್ರೌಸರಿನ ಅನುವಾದ ಒತ್ತಿದರೆ ನಕ್ಷೆಯ ಪದರಗಳ (ಲೇಯರ್) ಹೆಸರು ಎಡವಟ್ಟಾಗಿ ಬರುತ್ತವೆ, ಆ ಗೋಜು ಬೇಡ. ನೆನಪಿಡಬೇಕಾದ ಇಂಗ್ಲಿಷ್ ಪದ ನಾಲ್ಕೈದೇ.

ಮೊದಲ ಸಲ ತೆರೆದಾಗ ಮಾಡಬೇಕಾದ ಕೆಲಸ ಹೀಗೆ. ನಕ್ಷೆಯ ಪುಟ ತೆರೆದು ಹುಡುಕುವ ಜಾಗದಲ್ಲಿ ಊರ ಹೆಸರು ಹಾಕಿ. ತುಮಕೂರು ಅಂತ ಹೊಸ ಕಾಗುಣಿತ ಹಾಕಿ ಸಿಗದಿದ್ದರೆ ಹಳೇ 'ತುಮ್ಕೂರ್' ಹಾಕಿ. ಚಿಕ್ಕಬಳ್ಳಾಪುರಕ್ಕಂತೂ ಒಂದೆರಡು ಕಾಗುಣಿತ ತಿರುಗಿಸಿ ನೋಡಬೇಕು. ಎಡಗಡೆ ಪದರಗಳ ಪಟ್ಟಿಯಲ್ಲಿ 'ಟ್ರೀ ಕವರ್' (ಮರಹೊದಿಕೆ) ಹಸಿರು, 'ಟ್ರೀ ಕವರ್ ಲಾಸ್' (ಮರ ಹೋದದ್ದು) ಗುಲಾಬಿ. ಎರಡನ್ನೂ ಹಚ್ಚಿ. ಆಮೇಲೆ 'ಕ್ಯಾನಪಿ ಡೆನ್ಸಿಟಿ' ಎಂಬ ಅಂಕಿ ಹುಡುಕಿ. ಅದು ಶೇ 30ರಲ್ಲಿ ನಿಂತಿರುತ್ತದೆ. ಅಂದರೆ ಚೌಕದ ನೂರಕ್ಕೆ ಮೂವತ್ತು ಪಾಲಿಗಿಂತ ಕಡಿಮೆ ನೆರಳಿದ್ದರೆ ಅದು ಲೆಕ್ಕಕ್ಕೇ ಇಲ್ಲ. ಬಹುಪಾಲು ಜನ ಈ ಅಂಕಿಯನ್ನು ಮುಟ್ಟುವುದೇ ಇಲ್ಲ. ಇದನ್ನು ಶೇ 10ಕ್ಕೆ ಇಳಿಸಿ, ಮತ್ತೆ ಶೇ 50ಕ್ಕೆ ಏರಿಸಿ ನೋಡಿ. ಕೋಲಾರದ ಹಸಿರು ಒಮ್ಮೆ ಉಬ್ಬಿ ಒಮ್ಮೆ ಇಂಗಿಹೋಗುತ್ತದೆ. ಅಗುಂಬೆಗೆ ಹೋಗಿ ಅದನ್ನೇ ಮಾಡಿದರೆ ಹಸಿರು ಅಷ್ಟಾಗಿ ಅಲುಗುವುದಿಲ್ಲ. ಒಣಸೀಮೆಗೂ ಮಳೆಕಾಡಿಗೂ ಇರುವ ಅಂತರವನ್ನು ಈ ಒಂದು ಗುಂಡಿ ತೋರಿಸಿಬಿಡುತ್ತದೆ. ಭೂಗೋಳದ ಮೇಷ್ಟ್ರುಗಳಿಗೆ ಇದಕ್ಕಿಂತ ಸುಲಭದ ಪಾಠ ಸಿಗದು.

ಈಗ ನೀಲಗಿರಿ ತೋಪಿನ ಪರೀಕ್ಷೆ. ಮಾಲೂರು, ಗೌರಿಬಿದನೂರು, ಶಿಡ್ಲಘಟ್ಟ ಯಾವ ಕಡೆಯಾದರೂ ಸರಿ, ನಿಮಗೆ ಚೆನ್ನಾಗಿ ಗೊತ್ತಿರುವ, ಯಾವ ವರ್ಷ ಕಟಾವು ಆಯಿತೆಂದು ಮಾಲೀಕರಿಂದ ಕೇಳಿ ತಿಳಿಯಬಹುದಾದ ಒಂದು ಹಳೇ ತೋಪು ಹಿಡಿಯಿರಿ. ನಕ್ಷೆಯಲ್ಲಿ ಅದರ ಸುತ್ತ ಗೆರೆ ಎಳೆದು 'ಅನಾಲಿಸಿಸ್' ಒತ್ತಿ. ಮೂರು ಪ್ರಶ್ನೆ ಕೇಳಿಕೊಳ್ಳಿ.

ಒಂದನೆಯದು, ಇದು ಹಸಿರಾಗಿ ಯಾಕೆ ಕಾಣುತ್ತಿದೆ? ಐದು ಮೀಟರ್ ದಾಟಿದೆ, ನೆಲ ಮುಚ್ಚಿದೆ, ಅಷ್ಟೇ ಕಾರಣ. ತೋಪಿನೊಳಗೆ ಕಾಲಿಟ್ಟರೆ ಬೇರೆ ಕಥೆ: ಸುಲಿದ ತೊಗಟೆ, ಒಣಗಿದ ಕುಡುಗೋಲಾಕಾರದ ಎಲೆ ಕಾಲಡಿ ಚರಚರ ಅನ್ನುತ್ತದೆ, ಅದರ ಕೆಳಗೆ ಹುಲ್ಲು ಇಲ್ಲ, ಪೊದೆ ಇಲ್ಲ, ಸಾಲು ನೋಡಿದರೆ ದಾರ ಹಿಡಿದು ನೆಟ್ಟದ್ದೆಂದು ಗೊತ್ತಾಗುತ್ತದೆ. ಉಪಗ್ರಹಕ್ಕೆ ಕಾಣುವುದು ಇದರ ನೆತ್ತಿ ಮಾತ್ರ. ನಮ್ಮ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯ ವರದಿಯೂ ಇದೇ ಜಾಡಿನದು ಎಂಬುದು ನೆನಪಿರಲಿ: ಒಂದು ಹೆಕ್ಟೇರಿಗಿಂತ ದೊಡ್ಡದಿದ್ದು ಶೇ 10ಕ್ಕಿಂತ ಹೆಚ್ಚು ನೆರಳಿದ್ದರೆ, ಜಮೀನು ಯಾರದೇ ಆಗಲಿ, ಮರ ಯಾವುದೇ ಆಗಲಿ, ಅರಣ್ಯ ಹೊದಿಕೆ ಎಂದೇ ಎಣಿಸುತ್ತಾರೆ. ಶ್ರೀನಿವಾಸಪುರದ ಮಾವಿನ ತೋಟಕ್ಕೂ ಅದೇ ಗತಿ.

ಎರಡನೆಯದು, ಕಟಾವು ಆದ ವರ್ಷ ಗುಲಾಬಿ ಬಂದಿದೆಯೇ? ಬಂದಿದ್ದರೆ ಅದು 'ಅರಣ್ಯ ನಾಶ' ಅಲ್ಲ, ಬೆಳೆ ಕೊಯ್ಲು. ಆರೇಳು ವರ್ಷಕ್ಕೊಮ್ಮೆ ಕಡಿದು, ಮೋಟಿನಿಂದ ಕೂಳೆ ಚಿಗುರು ಬಿಟ್ಟು, ಮತ್ತೆ ಕಡಿಯುವುದು ನೀಲಗಿರಿಯ ವ್ಯವಹಾರ. ಇಲ್ಲೇ ನಕ್ಷೆಯ ಒಂದು ದೊಡ್ಡ ಮಿತಿ ಬಯಲಾಗುತ್ತದೆ: ಒಂದು ಚೌಕಕ್ಕೆ ಒಂದೇ ಕಡಿತದ ವರ್ಷ. ಒಂದೇ ತೋಪನ್ನು ಮೂರು ಸಲ ಕಡಿದಿದ್ದರೂ ನಕ್ಷೆಯಲ್ಲಿ ಇರುವುದು ಒಂದೇ ಸಲದ ಗುರುತು. ಇನ್ನೂ ಒಂದಿದೆ. ಲೆಕ್ಕ ಶುರುವಾಗುವುದು 2000ನೇ ಇಸವಿಯ ಮರಹೊದಿಕೆಯಿಂದ. 2005ರಲ್ಲಿ ನೆಟ್ಟು 2012ರಲ್ಲಿ ಕಡಿದ ತೋಪು 2000ದಲ್ಲಿ ರಾಗಿ ಹೊಲವಾಗಿತ್ತಲ್ಲ, ಹಾಗಾಗಿ ಅದು ಬಂದದ್ದೂ ಹೋದದ್ದೂ ಕಡಿತದ ಲೆಕ್ಕಕ್ಕೆ ಸಿಗುವುದಿಲ್ಲ.

ಮೂರನೆಯದು, ಕಡಿದ ಮೇಲೆ ಅಲ್ಲಿ ಏನಾಯಿತು? ಇದಕ್ಕೆ ಗುಲಾಬಿ ಬಣ್ಣ ಉತ್ತರ ಕೊಡುವುದಿಲ್ಲ. ಕೂಳೆ ಬಿಟ್ಟರೋ, ಬುಡಸಮೇತ ಕಿತ್ತು ಟೊಮ್ಯಾಟೊ ಹಾಕಿದರೋ, ನಿವೇಶನ ಮಾಡಿದರೋ, ಎಲ್ಲದಕ್ಕೂ ಒಂದೇ ಬಣ್ಣ. ರಾಜ್ಯ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿದ ಮೇಲೆ ನಮ್ಮ ಕಡೆ ತೋಪು ಕಿತ್ತವರು ಕೆಲವರಲ್ಲ. ಜಲಪಾತಳಿ ಕುಸಿದ ಜಿಲ್ಲೆಯಲ್ಲಿ ಅದನ್ನು ಒಳ್ಳೆಯ ಸುದ್ದಿ ಎನ್ನುವವರು ಇದ್ದಾರೆ; ನಕ್ಷೆ ಮಾತ್ರ ಅಳುಮೋರೆ ಹಾಕಿರುತ್ತದೆ. ಕೆರೆ ಅಂಗಳದಲ್ಲಿ ದಟ್ಟವಾಗಿ ಬೆಳೆದ ಬಳ್ಳಾರಿ ಜಾಲಿ ತೆಗೆಸಿ ಹೂಳೆತ್ತಿದರೂ ಅದೇ ಗುಲಾಬಿ ಬರಬಹುದು.

ನೀಲಗಿರಿಯ ಬಗ್ಗೆ ಒಂದು ಅಡ್ಡಮಾತು. ಈ ಮರ ಭಾರತಕ್ಕೆ ಕಾಲಿಟ್ಟದ್ದೇ ಚಿಕ್ಕಬಳ್ಳಾಪುರದ ನಂದಿಬೆಟ್ಟದಲ್ಲಿ. 1790ರ ಸುಮಾರಿಗೆ ಟಿಪ್ಪು ತರಿಸಿ ನೆಡಿಸಿದ ಮರಗಳು ಎನ್ನುತ್ತಾರೆ. ಆ ಬೀಜದ ವಂಶವೇ 'ಮೈಸೂರು ಗಮ್' ಎಂಬ ಹೆಸರಲ್ಲಿ ದೇಶವೆಲ್ಲ ಹರಡಿತು. 1983ರಲ್ಲಿ ತುಮಕೂರು ಜಿಲ್ಲೆಯಲ್ಲಿ ರೈತಸಂಘದವರು ಅರಣ್ಯ ಇಲಾಖೆಯ ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತೆಸೆದದ್ದೂ ಇದೇ ಜಗಳಕ್ಕೆ: ಮರ ನೆಟ್ಟರೆ ಕಾಡಾಗುತ್ತದೆಯೇ ಎಂಬ ಜಗಳ. ನಲವತ್ತು ವರ್ಷ ಕಳೆದ ಮೇಲೆ ಅದೇ ಪ್ರಶ್ನೆ ಕಂಪ್ಯೂಟರಿನ ಪರದೆಗೆ ಬಂದು ಕೂತಿದೆ.

ಕಾಣುವುದಕ್ಕಿಂತ ಕಾಣದಿರುವುದು ಹೆಚ್ಚು ಹೇಳುತ್ತದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ, ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲಿಗೆ ಹೋಗಿ. ಹುಲ್ಲುಗಾವಲು ಬಹುತೇಕ ಖಾಲಿ ಖಾಲಿ. ಕೃಷ್ಣಮೃಗಕ್ಕೆ ಬೇಕಾದದ್ದೇ ಆ ಬಯಲು, ನಕ್ಷೆಗೆ ಮಾತ್ರ ಅಲ್ಲಿ ಏನೂ ಇಲ್ಲ. ಹಾಗೇ ಉತ್ತರಕ್ಕೆ ಸರಿದು ಪಾವಗಡಕ್ಕೆ ಬನ್ನಿ. ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರ ಫಲಕ ಹರಡಿದೆ. ನಮ್ಮ ಜಿಲ್ಲೆಗಳಲ್ಲಿ ಈಚೆಗೆ ಆದ ಭೂಬಳಕೆ ಬದಲಾವಣೆಗಳಲ್ಲಿ ಇದಕ್ಕಿಂತ ದೊಡ್ಡದು ಹುಡುಕುವುದು ಕಷ್ಟ. ಗುಲಾಬಿ ಚುಕ್ಕೆ ಹುಡುಕಿದರೆ ಇಲ್ಲವೆನ್ನುವಷ್ಟು ಕಡಿಮೆ, ಯಾಕಂದರೆ ಅಲ್ಲಿ ಕಡಿಯಲು ಮರವೇ ಇರಲಿಲ್ಲ. ಇದೇ ಕಣ್ಣಿನಲ್ಲಿ ಬ್ರೆಜಿಲ್ ನೋಡಿ. ಅಮೆಜಾನ್‌ನಲ್ಲಿ ಹೊಸದಾಗಿ ಕಾಡು ಕಡಿದ ಜಮೀನಿನ ಸೋಯಾ ಕೊಳ್ಳುವುದಿಲ್ಲ ಎಂದು ದೊಡ್ಡ ವ್ಯಾಪಾರಿಗಳು 2006ರಲ್ಲಿ ಒಪ್ಪಂದ ಮಾಡಿಕೊಂಡರು. ಪಕ್ಕದ ಸೆರಾಡೊ ಎಂಬ ಹುಲ್ಲು, ಕುರುಚಲಿನ ಸೀಮೆ ಆ ಒಪ್ಪಂದದ ಹೊರಗೇ ಉಳಿಯಿತು, ಸೋಯಾ ಅಲ್ಲಿ ಹರಡುತ್ತಲೇ ಹೋಯಿತು. ಮರ ಎಣಿಸುವ ನಕ್ಷೆಯಲ್ಲಿ ಸೆರಾಡೊ ಹೋದದ್ದು ಅಮೆಜಾನ್ ಹೋದಷ್ಟು ಢಾಳಾಗಿ ಕಾಣುವುದಿಲ್ಲ. ಜಯಮಂಗಲಿಯನ್ನು ಖಾಲಿ ಎಂದು ತೋರಿಸಿದ್ದು ನೆನಪಿದ್ದರೆ ಕಾರಣ ಯಾರೂ ಹೇಳಿಕೊಡಬೇಕಿಲ್ಲ.

ಇಷ್ಟು ತಾಲೀಮು ಆದ ಮೇಲೆ ಮಳೆಕಾಡಿಗೆ ಹೋಗಿ. ಅಲ್ಲಿ ಈ ಸೇವೆಯ ನಿಜವಾದ ಕಸುವು ಗೊತ್ತಾಗುತ್ತದೆ. ಮೊದಲು 'ಪ್ರೈಮರಿ ಫಾರೆಸ್ಟ್' ಎಂಬ ಪದರ ಹಚ್ಚಿ. 2001ರಲ್ಲಿ ಉಷ್ಣವಲಯದ ತೇವದ ಸೀಮೆಯಲ್ಲಿ ಹಳೆಯ ಸಹಜ ಕಾಡು ಎಲ್ಲೆಲ್ಲಿ ಉಳಿದಿತ್ತು ಎಂಬ ಗಡಿ ಅದು. ಕಡಿತದ ಪದರವನ್ನು ಇದರೊಳಕ್ಕೆ ಸೀಮಿತಗೊಳಿಸಿದರೆ ನೀಲಗಿರಿ, ರಬ್ಬರ್, ತಾಳೆ ತೋಟದ ಕೊಯ್ಲು ಬಹುಪಾಲು ಸೋಸಿಹೋಗುತ್ತದೆ. ಈ ಒಂದು ಸೋಸಣಿಗೆಗಾಗಿಯೇ ನಾಲ್ಕೂವರೆ ಅಂಕ. ಇದು ಹಾಕದೆ ಸುಮಾತ್ರಾ ನೋಡಿದರೆ ಎರಡು ತಪ್ಪು ಒಟ್ಟಿಗೆ ಆಗುತ್ತವೆ. ತಾಳೆ ತೋಟ ಬೆಳೆದು ಐದು ಮೀಟರ್ ದಾಟಿದರೆ ಅದೂ ಹಸಿರೇ, ಕೆಲವು ಕಡೆ 'ಗೇನ್', ಅಂದರೆ ಮರದ ಗಳಿಕೆ ತೋರಿಸುವ ಪದರದ ನೀಲಿನೇರಳೆಯೂ ಬರುತ್ತದೆ. ಇಪ್ಪತ್ತೈದು ವರ್ಷಕ್ಕೆ ಮುದಿ ತಾಳೆ ಉರುಳಿಸಿ ಹೊಸದು ನೆಟ್ಟರೆ ಅದೂ ಗುಲಾಬಿಯೇ. ಮೊದಲನೆಯದು ಗಳಿಕೆಯಲ್ಲ, ಎರಡನೆಯದು ಕಾಡಿನ ನಷ್ಟವಲ್ಲ. ಅಂದ ಹಾಗೆ, ಗಳಿಕೆಯ ಪದರ ವರ್ಷವಾರು ಬರುವುದಿಲ್ಲ, 2000ದಿಂದ 2020ರವರೆಗಿನ ಒಟ್ಟು ಲೆಕ್ಕ. ಕಡಿತದಿಂದ ಗಳಿಕೆ ಕಳೆದು 'ನಿವ್ವಳ ನಷ್ಟ ಇಷ್ಟು' ಎಂದು ಬರೆಯುವುದು ಶುದ್ಧ ತಪ್ಪು.

ಸೋಸಿದ ಮೇಲೂ ಉಳಿಯುವ ಅಂಕಿ ಎದೆ ನಡುಗಿಸುತ್ತದೆ. 2024ರಲ್ಲಿ ಉಷ್ಣವಲಯದ ಹಳೆಯ ಕಾಡು 67 ಲಕ್ಷ ಹೆಕ್ಟೇರ್ ಹೋಯಿತು. ತುಮಕೂರು ಜಿಲ್ಲೆಯ ವಿಸ್ತೀರ್ಣ 10,597 ಚದರ ಕಿಲೋಮೀಟರ್. ಅಂಥ ಆರು ಜಿಲ್ಲೆ ಒಂದೇ ವರ್ಷದಲ್ಲಿ. ಹಿಂದಿನ ವರ್ಷ 37 ಲಕ್ಷ ಹೆಕ್ಟೇರ್ ಇತ್ತು. ಈ ಏರಿಕೆಗೆ ಮುಖ್ಯ ಕಾರಣ ಬೆಂಕಿ. ಒಟ್ಟು ನಷ್ಟದಲ್ಲಿ ಹತ್ತಿರ ಹತ್ತಿರ ಅರ್ಧ ಬೆಂಕಿಯ ಪಾಲು. ಸಹಜವಾಗಿ ಹೊತ್ತಿಕೊಳ್ಳದ ತೇವದ ಕಾಡು ಅದು. ಅಂಚಿನಲ್ಲಿ ಹುಲ್ಲುಗಾವಲಿಗೆಂದು ಹಚ್ಚಿದ ಬೆಂಕಿ ಬರಗಾಲದಲ್ಲಿ ಒಳಕ್ಕೆ ನುಗ್ಗುತ್ತದೆ.

ಹೇಗೆ ನುಗ್ಗುತ್ತದೆ ಎಂಬುದನ್ನು ನೋಡಬೇಕೆಂದರೆ ಬ್ರೆಜಿಲ್‌ನ ರೊಂಡೋನಿಯಾಕ್ಕೆ ಹೋಗಿ ಕಾಲದ ಪಟ್ಟಿಯನ್ನು 2001ರಿಂದ ಮುಂದಕ್ಕೆ ಎಳೆಯಿರಿ. 1984ರಲ್ಲಿ ಡಾಂಬರು ಕಂಡ ಬಿಆರ್-364 ಹೆದ್ದಾರಿ ಬೆನ್ನುಮೂಳೆ. ಅದಕ್ಕೆ ಅಡ್ಡಲಾಗಿ ಅಳತೆ ಹಿಡಿದು ಕಡಿದ ದಾರಿಗಳು ಮೀನಿನ ಮುಳ್ಳು. ವರ್ಷ ಸರಿದಂತೆ ಮುಳ್ಳುಗಳು ದಪ್ಪವಾಗುತ್ತಾ ಒಂದಕ್ಕೊಂದು ಕೂಡಿ, ನಡುವೆ ಕಾಡಿನ ಚಿಂದಿ ಉಳಿಯುತ್ತದೆ. ಈ ಚಿಂದಿಗಳು ನಕ್ಷೆಯಲ್ಲಿ ಹಸಿರೇ. ಅಲ್ಲೂ ನಕ್ಷೆ ಹೇಳದ ಸಂಗತಿ ಇದೆ. ಬ್ರೆಜಿಲ್‌ನದೇ ಮನೌಸ್ ನಗರದ ಹತ್ತಿರ 1979ರಿಂದ ನಡೆದಿರುವ ಕಾಡಿನ ತುಣುಕುಗಳ ಅಧ್ಯಯನ ತೋರಿಸಿದ್ದೇನೆಂದರೆ, ಕಡಿದ ಅಂಚಿನಿಂದ ಒಳಕ್ಕೆ ನೂರು ಮೀಟರ್, ಕೆಲವು ಪರಿಣಾಮಗಳು ಇನ್ನೂ ಒಳಕ್ಕೆ ಹೋಗುತ್ತವೆ: ಬಿಸಿಲು ಗಾಳಿ ಹೊಕ್ಕು ತೇವ ಆರುತ್ತದೆ, ದೊಡ್ಡ ಮರಗಳು ಉರುಳುತ್ತವೆ, ಬಳ್ಳಿ ಹೆಚ್ಚುತ್ತದೆ. ನಕ್ಷೆಯ ಲೆಕ್ಕದಲ್ಲಿ ನೂರು ಮೀಟರ್ ಅಂದರೆ ಮೂರು ಚೌಕ. ಹಾಗಾಗಿ ಗುಲಾಬಿ ಚೌಕದ ಪಕ್ಕದ ಮೂರು ಹಸಿರು ಚೌಕಗಳನ್ನು ಅರೆಜೀವ ಎಂದೇ ಓದಬೇಕು. ಬೆಲೆಬಾಳುವ ಮರ ಮಾತ್ರ ಆರಿಸಿ ಕಡಿದರೆ, ಬೇಟೆಯಾಡಿ ಪ್ರಾಣಿಗಳನ್ನೆಲ್ಲ ಖಾಲಿ ಮಾಡಿದರೆ, ಅದೂ ಹಸಿರೇ.

ಮಳೆಯ ಮೇಲಿನ ಪರಿಣಾಮವನ್ನು ಈ ನಕ್ಷೆ ನೇರವಾಗಿ ತೋರಿಸುವುದಿಲ್ಲ, ಆದರೆ ಪಕ್ಕದಲ್ಲಿಟ್ಟುಕೊಂಡು ಓದಬಹುದು. ಅಮೆಜಾನ್‌ನಲ್ಲಿ ಬೀಳುವ ಮಳೆಯ ದೊಡ್ಡ ಪಾಲು ಅದೇ ಕಾಡು ಉಸಿರು ಬಿಟ್ಟ ಆವಿ, ಪೂರ್ವದಿಂದ ಪಶ್ಚಿಮಕ್ಕೆ ಸುರಿದು ಆವಿಯಾಗಿ ಮತ್ತೆ ಸುರಿಯುತ್ತಾ ಸಾಗುವಂಥದ್ದು. 2023ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ, ಉಷ್ಣವಲಯದಲ್ಲಿ 200 ಕಿಲೋಮೀಟರ್ ಅಗಲದ ಸೀಮೆಯಲ್ಲಿ ಶೇ 1ರಷ್ಟು ಕಾಡು ಹೋದರೆ ತಿಂಗಳ ಮಳೆ ಸರಾಸರಿ ಕಾಲು ಮಿಲಿಮೀಟರ್ ಇಳಿಯುತ್ತದೆ. ಕಾಲು ಮಿಲಿಮೀಟರ್ ಎಂದು ಮೂಗು ಮುರಿಯಬೇಡಿ. ಶೇ 40 ಹೋದ ಕಡೆ ಅದು ತಿಂಗಳಿಗೆ 10 ಮಿಲಿಮೀಟರ್. ಒಣ ತಿಂಗಳಲ್ಲಿ ಹದಕ್ಕೂ ಬರಕ್ಕೂ ಇರುವ ವ್ಯತ್ಯಾಸವೇ ಅಷ್ಟು. ಅಮೆಜಾನ್ ಕಾಡಿನ ಶೇ 20ರಿಂದ 25 ಹೋದರೆ ದೊಡ್ಡ ಭಾಗ ತಾನಾಗಿ ಹುಲ್ಲುಸೀಮೆಯತ್ತ ಜಾರಬಹುದು ಎಂದು ವಿಜ್ಞಾನಿಗಳಾದ ಲವ್‌ಜಾಯ್ ಮತ್ತು ನೊಬ್ರೆ 2018ರಲ್ಲಿ ಎಚ್ಚರಿಸಿದ್ದರು.

ಬ್ರೆಜಿಲ್‌ನ ಸರ್ಕಾರಿ ಅಂಕಿಗೂ ಇದರ ಅಂಕಿಗೂ ತಾಳೆಯಾಗುವುದಿಲ್ಲ, ಅದನ್ನು ಕಂಡು ಯಾರೋ ಸುಳ್ಳು ಹೇಳುತ್ತಿದ್ದಾರೆ ಅಂದುಕೊಳ್ಳಬಾರದು. ಅವರ ಐಎನ್‌ಪಿಇ ಎಂಬ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ 1988ರಿಂದ ಎಣಿಸುತ್ತಿರುವುದು ಹಳೆಯ ಕಾಡನ್ನು ಬುಡಸಮೇತ ತೆಗೆದ, ಆರೂಕಾಲು ಹೆಕ್ಟೇರಿಗಿಂತ ದೊಡ್ಡ ತುಂಡುಗಳನ್ನು. ಅವರ ವರ್ಷ ಆಗಸ್ಟಿನಿಂದ ಜುಲೈವರೆಗೆ. ಇವರದು ಜನವರಿಯಿಂದ ಡಿಸೆಂಬರ್, ಬೆಂಕಿಗೆ ಹೋದದ್ದೂ ಸೇರಿ. ಆ ಸರ್ಕಾರಿ ಲೆಕ್ಕದಲ್ಲಿ 2004ರಲ್ಲಿ 27,772 ಚದರ ಕಿಲೋಮೀಟರ್ ಇದ್ದದ್ದು 2012ಕ್ಕೆ 4,571ಕ್ಕೆ ಇಳಿದಿತ್ತು. ಉಪಗ್ರಹದ ಕಾವಲು, ದಂಡ, ಸಾಲಕ್ಕೆ ಕಡಿವಾಣ, ಸೋಯಾ ಒಪ್ಪಂದ ಎಲ್ಲ ಕೂಡಿ ಆದದ್ದು. ನಕ್ಷೆ ನೋಡಿ ಕೈಚೆಲ್ಲಿ ಕೂರುವವರು ಈ ಎರಡು ಅಂಕಿಯನ್ನೂ ನೋಡಲಿ. ಇನ್ನೊಂದು ಎಚ್ಚರಿಕೆ: 2013ರಲ್ಲಿ ಹಾರಿದ ಲ್ಯಾಂಡ್‌ಸ್ಯಾಟ್ 8 ಬಂದ ಮೇಲೆ, ಲೆಕ್ಕದ ವಿಧಾನವೂ ಸುಧಾರಿಸಿದ ಮೇಲೆ, ಸಣ್ಣ ಕಡಿತವೂ ಸಿಕ್ಕಿಬೀಳುತ್ತಿದೆ. 2003ನ್ನೂ 2020ನ್ನೂ ನೇರ ಪಕ್ಕಪಕ್ಕ ಇಟ್ಟು ದುಪ್ಪಟ್ಟಾಯಿತು ಎನ್ನುವುದು ಸಲ್ಲದು.

ಕಡಿತವೆಲ್ಲ ಶಾಶ್ವತವೂ ಅಲ್ಲ. 2018ರ ಒಂದು ಅಧ್ಯಯನ 2001ರಿಂದ 2015ರವರೆಗಿನ ಜಗತ್ತಿನ ಮರಹೊದಿಕೆ ನಷ್ಟವನ್ನು ಕಾರಣದ ಮೇಲೆ ಹಂಚಿತು: ಸರಕಿನ ಬೆಳೆ, ಹುಲ್ಲುಗಾವಲು, ಗಣಿಗಾಗಿ ಭೂಬಳಕೆ ಕಾಯಮ್ಮಾಗಿ ಬದಲಾದದ್ದು ಶೇ 27, ಮರಮಟ್ಟಿನ ಕಟಾವು ಶೇ 26, ಕುಮರಿ ಬೇಸಾಯ ಶೇ 24, ಕಾಳ್ಗಿಚ್ಚು ಶೇ 23. ನಮ್ಮ ನೀಲಗಿರಿ ಎರಡನೆಯ ಗುಂಪಿನದು. ಮಳೆಕಾಡಿನ ಚಿಂತೆ ಹೆಚ್ಚಾಗಿ ಮೊದಲನೆಯದರದ್ದು.

ಪಶ್ಚಿಮ ಘಟ್ಟಕ್ಕೆ ಮೂರೇ ಅಂಕ ಯಾಕೆ? ಇಲ್ಲಿ ನಮಗೆ ನೇರ ಸಂಬಂಧ ಇದೆ ಎಂಬುದನ್ನು ಮೊದಲು ಹೇಳಬೇಕು. ಕೋಲಾರ, ಚಿಕ್ಕಬಳ್ಳಾಪುರಕ್ಕೆ ನೀರು ತರುವ ಎತ್ತಿನಹೊಳೆ ಯೋಜನೆ 24.01 ಟಿಎಂಸಿ ಎತ್ತುವುದು ಸಕಲೇಶಪುರ ಭಾಗದ ಮಳೆಕಾಡಿನ ಹಳ್ಳಗಳಿಂದ: ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳ. ಮೊದಲ ಹಂತಕ್ಕೆ 2024ರ ಸೆಪ್ಟೆಂಬರಿನಲ್ಲಿ ಚಾಲನೆ ಸಿಕ್ಕಿತು. ಆ ಹಳ್ಳಗಳ ನೆತ್ತಿಯ ಶೋಲಾ, ನಿತ್ಯಹರಿದ್ವರ್ಣದ ಕಾಡು ಸ್ಪಂಜಿನಂತೆ ಹಿಡಿದಿಟ್ಟದ್ದನ್ನೇ ಮಳೆಗಾಲ ಮುಗಿದ ಮೇಲೂ ಹಳ್ಳ ಬಿಟ್ಟುಕೊಡುವುದು. ಐಐಟಿ ಬಾಂಬೆಯ ಸಂಶೋಧಕರು 2018ರಲ್ಲಿ ಇನ್ನೊಂದು ನಂಟು ತೋರಿಸಿದರು: ತಮಿಳುನಾಡಿನ ಮುಂಗಾರು ಮಳೆಗೆ ಬೇಕಾದ ತೇವದಲ್ಲಿ ಶೇ 25ರಿಂದ 40ರವರೆಗೆ ಘಟ್ಟದ ಸಸ್ಯರಾಶಿಯೇ ಒದಗಿಸುತ್ತದೆ. ಮಾಲೂರು ದಾಟಿದರೆ ತಮಿಳುನಾಡೇ ತಾನೆ. ಹೀಗಾಗಿ ನಮ್ಮ ಸೀಮೆಯವರು ಖಾತೆ ತೆರೆದು ಗುರುತು ಹಾಕಿ ಇಟ್ಟುಕೊಳ್ಳಬೇಕಾದ ಮೊದಲ ಜಾಗ ಆ ಹಳ್ಳಗಳ ಜಲಾನಯನ. ಗೆರೆ ಎಳೆದು ಉಳಿಸಿಟ್ಟರೆ, ಕಡಿತದ ಸುಳಿವು ಸಿಕ್ಕಾಗ ಮಿಂಚಂಚೆ ಬರುತ್ತದೆ.

ಆದರೆ ಘಟ್ಟದಲ್ಲಿ ಮೂರು ತೊಡಕು. ಕಾಫಿ ತೋಟದ ನೆರಳುಮರ ಕಾಡಿನಷ್ಟೇ ಹಸಿರಾಗಿ ಕಾಣುತ್ತದೆ. ಕಾಡುಮರ ತೆಗೆದು ಸಿಲ್ವರ್ ಓಕ್ ಹಾಕುತ್ತಾ ಹೋದರೆ ಒಂದೇ ಏಟಿಗೆ ಬಯಲಾಗದ ಕಾರಣ ನಕ್ಷೆಗೆ ಅದು ತಿಳಿಯುವುದಿಲ್ಲ. ರಸ್ತೆ ಅಗಲೀಕರಣ, ಕೊಳವೆ ಮಾರ್ಗ, ವಿದ್ಯುತ್ ತಂತಿಯಂಥ ಸಪೂರ ಗೀಟುಗಳು ಒಂದು ಚೌಕಕ್ಕಿಂತ ಕಿರಿದಾದಾಗ ಅಲ್ಲೊಂದು ಇಲ್ಲೊಂದು ಚುಕ್ಕೆಯಾಗಿ ಒಡೆದು ಕಾಣುತ್ತವೆ, ಇಲ್ಲವೇ ಕಾಣುವುದೇ ಇಲ್ಲ. ಮೂರನೆಯದು ಮೋಡ. ಲ್ಯಾಂಡ್‌ಸ್ಯಾಟ್ ಜೋಡಿ ಒಂದೇ ಜಾಗವನ್ನು ಎಂಟು ದಿನಕ್ಕೊಮ್ಮೆ ನೋಡಿದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಮೇಲೆ ಮೋಡದ ಹೊದಿಕೆ. ಜೂನ್‌ನಲ್ಲಿ ಕಡಿದದ್ದಕ್ಕೆ ದೀಪಾವಳಿ ಹೊತ್ತಿಗೆ ಸುಳಿವು ಬಂದರೆ ಆಶ್ಚರ್ಯವಿಲ್ಲ. ಮೋಡದೊಳಗಿಂದ ನೋಡಬಲ್ಲ, 10 ಮೀಟರ್ ಚೌಕದ, ಅಂದರೆ ಹೆಚ್ಚೂಕಮ್ಮಿ ಒಂದೇ ಗುಂಟೆ ಸೂಕ್ಷ್ಮದ ರಡಾರ್ ಎಚ್ಚರಿಕೆ ಈ ಸೇವೆಯಲ್ಲಿದೆ. ಅದನ್ನು ಕಟ್ಟಿದ್ದು ಮುಖ್ಯವಾಗಿ ಅಮೆಜಾನ್, ಕಾಂಗೋ, ಇಂಡೊನೇಷ್ಯಾದ ಕಾಡುಗಳಿಗೆ. ಸುಳಿವು ಬಂದ ಕೂಡಲೇ ಫೇಸ್‌ಬುಕ್ಕಿಗೆ ಹಾಕಬೇಡಿ. ಮೊದಲ ಸಲ ಕಂಡದ್ದು 'ಲೋ ಕಾನ್ಫಿಡೆನ್ಸ್'. ಮತ್ತೊಮ್ಮೆ ಉಪಗ್ರಹ ನೋಡಿ ಹೌದೆಂದಾಗ ಮೇಲಕ್ಕೇರುತ್ತದೆ. ಮೋಡದ ನೆರಳೂ ಮೊದಲ ಸಲ ಕಡಿತದಂತೆ ಕಾಣಬಹುದು. 2018ರ ಕೊಡಗಿನಂಥ ಭೂಕುಸಿತವೂ ಮರ ಹೋದ ಜಾಗವೇ, ಗರಗಸ ಆಡಿರಬೇಕೆಂದೇನಿಲ್ಲ.

ಬೆಂಕಿಯ ಪದರ ಎಲ್ಲಕ್ಕಿಂತ ಹೆಚ್ಚು ದುರುಪಯೋಗ ಆಗುವುದು. ಉಪಗ್ರಹದಲ್ಲಿ ಕೂತು ಬಿಸಿ ಗುರುತಿಸುವ ವಿಐಐಆರ್‌ಎಸ್ ಎಂಬ ಉಪಕರಣದ ಒಂದು ಚುಕ್ಕೆ ಅಂದರೆ 375 ಮೀಟರ್ ಚೌಕ, ಸುಮಾರು 35 ಎಕರೆ. ಅಷ್ಟೂ ಉರಿಯುತ್ತಿದೆ ಎಂದಲ್ಲ. ಅದರೊಳಗೆ ಎಲ್ಲೋ ಬಿಸಿ ಇದೆ ಎಂದಷ್ಟೇ. ಇಟ್ಟಿಗೆ ಗೂಡು, ಹೊಲದ ಕೂಳೆ ಸುಡುವುದು, ಬೇಲಿಗೆ ಹಚ್ಚಿದ ಕಿಡಿ, ಎಲ್ಲಕ್ಕೂ ಚುಕ್ಕೆ ಬೀಳಬಹುದು. ಉಪಗ್ರಹ ಹಾದುಹೋಗುವುದು ಮಧ್ಯಾಹ್ನ, ನಡುರಾತ್ರಿ ಒಂದೂವರೆಯ ಆಸುಪಾಸಿನಲ್ಲಿ. ದೇವರಾಯನದುರ್ಗದಲ್ಲಿ ಸಂಜೆ ಐದಕ್ಕೆ ಹತ್ತಿ ಏಳಕ್ಕೆ ಆರಿದ ಬೆಂಕಿ ತಪ್ಪಿಸಿಕೊಳ್ಳುತ್ತದೆ. ಇನ್ನೊಂದು ಕಣ್ಕಟ್ಟು: ನಕ್ಷೆಯನ್ನು ದೂರ ಸರಿಸಿದರೂ ಚುಕ್ಕೆಯ ಗಾತ್ರ ಪರದೆಯ ಮೇಲೆ ಅಷ್ಟಕ್ಕೆ ಅಷ್ಟೇ ಕುಗ್ಗುವುದಿಲ್ಲ. ಖಂಡ ಪೂರ್ತಿ ಕಾಣುವಷ್ಟು ಹಿಂದೆ ಸರಿದರೆ 35 ಎಕರೆಯ ಚುಕ್ಕೆ ಒಂದು ತಾಲ್ಲೂಕನ್ನೇ ಮುಚ್ಚಿ, ದಕ್ಷಿಣ ಅಮೆರಿಕ ಇಡೀ ಹೊತ್ತಿ ಉರಿದಂತೆ ಕಾಣುತ್ತದೆ. 2019ರ ಆಗಸ್ಟಿನಲ್ಲಿ ವಾಟ್ಸಾಪಿನಲ್ಲಿ ಓಡಾಡಿದ ಅಂಥ ಕೆಂಪು ನಕ್ಷೆಗಳ ಮರ್ಮ ಇದೇ. ಅಮೆಜಾನ್ ಉರಿದದ್ದು ಸುಳ್ಳಲ್ಲ, ಚಿತ್ರ ಮಾತ್ರ ಉತ್ಪ್ರೇಕ್ಷೆ.

ಮೊಬೈಲಿನಲ್ಲಿ ಈ ಜಾಲತಾಣ ತೆರೆದರೆ ಪದರ ಒಂದರ ಮೇಲೊಂದು ಬಿದ್ದು ತಡವರಿಸುತ್ತದೆ, ಕಂಪ್ಯೂಟರ್ ಬೇಕು. ಓಡಾಡುವವರಿಗೆ ಅವರದೇ 'ಫಾರೆಸ್ಟ್ ವಾಚರ್' ಆ್ಯಪ್ ಇದೆ: ಸಿಗ್ನಲ್ ಇರುವಾಗ ಜಾಗವನ್ನು ಇಳಿಸಿಕೊಂಡು, ಇಲ್ಲದ ಕಡೆ ಸುಳಿವಿನ ಬಿಂದುವಿನತ್ತ ನಡೆದುಹೋಗಬಹುದು. ಬಿಂದು ಸಿಕ್ಕ ಮೇಲೆ ಅದು ಯಾರ ಜಮೀನು ಎಂಬುದಕ್ಕೆ ಈ ಸೇವೆ ಉಪಯೋಗವಿಲ್ಲ. ಅಕ್ಷಾಂಶ ರೇಖಾಂಶ ಬರೆದುಕೊಂಡು ರಾಜ್ಯ ಸರ್ಕಾರದ 'ದಿಶಾಂಕ್' ಆ್ಯಪಿನಲ್ಲಿ ಸರ್ವೆ ನಂಬರ್ ನೋಡಿ, ಗೋಮಾಳವೋ ಹಿಡುವಳಿಯೋ ಎಂದು ಪಹಣಿಯಲ್ಲಿ ತಾಳೆ ಹಾಕಿ. ಕಡಿಯುವ ಮುಂಚೆ ಅಲ್ಲಿ ಏನಿತ್ತು ಎಂಬುದಕ್ಕೆ ಗೂಗಲ್ ಅರ್ಥ್‌ನ ಹಳೆಯ ಚಿತ್ರ. ಸಾಲು ಕಂಡರೆ ತೋಪು, ಗುಂಪುಗುಂಪಾಗಿ ಅಂಕುಡೊಂಕಾಗಿ ಕಂಡರೆ ಸಹಜ ಮರ. ಇಸ್ರೋದ 'ಭುವನ್'ನಲ್ಲಿ ಭೂಬಳಕೆಯ ವರ್ಗೀಕರಣ ಇದೆ. ಬಂಜರು, ಕುರುಚಲು, ನೆಡುತೋಪು ಎಂದು ಬಿಡಿಸಿ ಹೇಳುವುದರಿಂದ ನಮ್ಮ ಜಿಲ್ಲೆಗಳಿಗೆ ಅದೇ ವಾಸಿ.

ಶಾಲೆಗೋ ಪತ್ರಿಕೆಗೋ ಚಿತ್ರ ತೆಗೆದುಕೊಳ್ಳುವಾಗ ಅದರ ಕೆಳಗೆ ನಾಲ್ಕು ಸಂಗತಿ ಬರೆದಿಡಿ: ಕ್ಯಾನಪಿ ಡೆನ್ಸಿಟಿ ಶೇಕಡ ಎಷ್ಟು, ಯಾವ ವರ್ಷದಿಂದ ಯಾವ ವರ್ಷ, ಪ್ರೈಮರಿ ಫಾರೆಸ್ಟ್ ಸೋಸಣಿಗೆ ಹಾಕಿದೆಯೋ ಇಲ್ಲವೋ, ನೋಡಿದ ತಾರೀಕು. ಹಳೆಯ ವರ್ಷಗಳ ಅಂಕಿಯನ್ನೂ ಅವರು ಆಗಾಗ ತಿದ್ದುತ್ತಾರೆ. ಹೋದ ವರ್ಷ ಬರೆದುಕೊಂಡ ಅಂಕಿ ಈ ವರ್ಷ ಅದೇ ಇರಬೇಕೆಂದಿಲ್ಲ.